ಜಾಕಾಯಿ ಎರಡು ಸುತ್ತು

ಇದನ್ನು ಹೇಳುವುದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಹೆತ್ತವಳೊಬ್ಬಳು ತನ್ನ ಕೂಸಿಗೆ ಮಾಡಿದ ತಪ್ಪನ್ನು ಮೂರನೆಯವರು ಬಾಯಿಬಿಟ್ಟು ಹೇಳುವುದು ಅಧಿಕಪ್ರಸಂಗವೇ ಸರಿ. ಮಕ್ಕಳನ್ನು ಸಾಕಿದವರು 'ಇಷ್ಟಕ್ಕೂ ಒಂದು ಕಥೆಯೇ' ಎನ್ನಬಹುದು, ಇನ್ನು ಕೆಲವರು 'ಇಂಥದ್ದನ್ನೂ ಹೇಳುತ್ತಾರೆಯೇ' ಎನ್ನಬಹುದು. ಇಬ್ಬರೂ ಮನ್ನಿಸಬೇಕು.

ಪುಷ್ಪಲತಾ ದಾವಣಗೆರೆಯ ಒಂದು ಅಂಗನವಾಡಿಯಲ್ಲಿ ಟೀಚರ್. ಗಂಡ ರಾಜಕುಮಾರ್ ಪಿ.ಜೆ. ಬಡಾವಣೆಯ ಕಡೆ ಆಟೋ ಓಡಿಸುತ್ತಾನೆ. ಮಗಳು ತನುಶ್ರೀಗೆ ಒಂದು ವರ್ಷ ಎಂಟು ತಿಂಗಳು. ಹರಿಹರದಲ್ಲಿರುವ ಅಕ್ಕ ಉಮಾಮಹೇಶ್ವರಿಗೆ ಗರ್ಭಕೋಶದ ಆಪರೇಷನ್ ಆಗಿ, ಆರೈಕೆಗೆಂದು ಮಾಯಕೊಂಡದಿಂದ ತಾಯಿ ಗಿರಿಯಮ್ಮ ಬಂದಿದ್ದರು. ಅಡಿಗೆ, ಬಟ್ಟೆ, ರೋಗಿಯ ಸೇವೆ ಎಲ್ಲ ಆ ವಯಸ್ಸಿಗೆ ಒಬ್ಬರ ಕೈಲಾಗುವುದಲ್ಲವೆಂದು ಪುಷ್ಪಲತಾ ಒಂದು ವಾರ ರಜೆ ಹಾಕಿ, ಮಗಳನ್ನು ಎತ್ತಿಕೊಂಡು ಹೊರಟಳು.

ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ. ಅಷ್ಟಕ್ಕೇ ಅವಳು ಎರಡು ಚೀಲ ತುಂಬಿದ್ದಳು. ಮಗು ದಿನಾ ಹೊದೆಯುವ ಕೌದಿ, ಒಗೆಯದೆ ಹಾಗೇ ಇಟ್ಟಿದ್ದು. ಜೋಲಿ ಕಟ್ಟುವ ಹಳೇ ಸೀರೆ, ಹಗ್ಗ, ಹಾಲು ಕುಡಿಯುವ ಲೋಟ. ಹೀಗೆ ತುಂಬಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತಿಂಗಳಿಗೊಮ್ಮೆ ತಾಯಂದಿರ ಸಭೆಯಲ್ಲಿ ಅವಳೇ ಹೇಳುತ್ತಿದ್ದಳು: "ಊರಿಗೆ ಹೋದಾಗ ಮಕ್ಕಳು ಮಲಗಲ್ಲ ಅಂತೀರಿ. ಮನೆ ವಾಸನೆ ಇರೋ ಬಟ್ಟೆ ಒಯ್ರಿ. ಮನೆಯಾಗೆ ಮಲಗ್ಸೋ ಹೊತ್ತಿಗೇ ಮಲಗಿಸ್ರಿ. ದೀಪ ಆರಿಸ್ರಿ, ಮೊಬೈಲ್ ಕೊಡಬ್ಯಾಡ್ರಿ." ಸಂಜೆ ಕಾಲೇಜಿಗೆ ಹೋಗಿ ಪಿಯುಸಿ ಮುಗಿಸಿದವಳು ಅವಳು. ಓದಿದ್ದನ್ನು ಮರೆಯಬಾರದೆಂಬ ಹಟ ಇತ್ತು.

ಹರಿಹರದ ಮನೆ ಎರಡೇ ಕೋಣೆಯದು, ಮೇಲೆ ಆರ್‌ಸಿಸಿ. ಜೋಲಿ ಕಟ್ಟಲು ಒಂದು ಕೊಂಡಿಯಿಲ್ಲ. ಇದ್ದ ಒಂದು ಕೊಂಡಿಗೆ ಫ್ಯಾನು ನೇತುಬಿದ್ದಿತ್ತು.

ಪುಷ್ಪಲತಾ ಸೀರೆ ಹಿಡಿದು ಮೇಲೆ ನೋಡುತ್ತ ನಿಂತಿದ್ದನ್ನು ಕಂಡು ಗಿರಿಯಮ್ಮ, "ಅದಕ್ಕೇ ಕಟ್ಟು. ಕೂಸೂ ಗರಗರ ತಿರುಗಲಿ, ನಮಗೂ ಗಾಳಿ ಬರ್ಲಿ" ಎಂದರು.

ಉಮಾಮಹೇಶ್ವರಿ ಹೊಲಿಗೆ ಹಿಡಿದುಕೊಂಡು, "ನಗಿಸಬ್ಯಾಡವ್ವ, ನೋಯ್ತೈತೆ" ಎಂದಳು.

ನಗು ಅಷ್ಟಕ್ಕೇ ಮುಗಿಯಿತು. ಮೊದಲ ರಾತ್ರಿ ಮಗು ಮಲಗಲಿಲ್ಲ. ಕೌದಿಯ ವಾಸನೆ ನೋಡಿತು, ಮುಖ ಉಜ್ಜಿತು, ಮತ್ತೆ ಎದ್ದು ಬಾಗಿಲ ಕಡೆ ಕೈ ಮಾಡಿ ಅತ್ತಿತು. ದೀಪ ಆರಿಸಿದರೆ ಕಿರುಚಿತು, ಹಚ್ಚಿದರೆ ಆಡಲು ಕೂತಿತು. ಎರಡನೆಯ ರಾತ್ರಿಯೂ ಅದೇ. ಹಗಲಲ್ಲಾದರೂ ಮಲಗೀತೆಂದರೆ ಹದಿನೈದು ನಿಮಿಷಕ್ಕೊಮ್ಮೆ ಬೆಚ್ಚಿ ಏಳುತ್ತಿತ್ತು.

ರಾಜಕುಮಾರ್ ಫೋನಿನಲ್ಲಿ, "ನಾನು ಆಟೋ ತಗಂಡು ಬರ್ಲೇನು? ಒಂದು ರೌಂಡು ಹಾಕಿದ್ರೆ ಮಲಗ್ತಾಳೆ" ಎಂದ. ಮನೆಯಲ್ಲಿ ಮಗು ಹಟ ಮಾಡಿದ ದಿನ ಅವನು ನಿಜಲಿಂಗಪ್ಪ ಬಡಾವಣೆಯ ರಸ್ತೆಗಳಲ್ಲಿ ಎರಡು ಸುತ್ತು ಹಾಕಿ, ಮಲಗಿದ ಮಗಳನ್ನು ಹೆಗಲ ಮೇಲೆ ತರುತ್ತಿದ್ದ. ಅದು ಒಳ್ಳೆಯ ಅಭ್ಯಾಸವಲ್ಲ ಎಂದು ಪುಷ್ಪಲತಾ ಪ್ರತಿ ಸಲ ಹೇಳುತ್ತಿದ್ದಳು.

"ಬ್ಯಾಡ. ಕೂಸು ಮಲಗ್ಸಕ್ಕೆ ದಾವಣಗೆರೆಯಿಂದ ಆಟೋ ಬಂತು ಅಂತ ಓಣಿಯೆಲ್ಲಾ ನಗಬೇಕಾ?" ಎಂದಳು.

ಗಿರಿಯಮ್ಮನಿಗೆ ಇದಕ್ಕೆಲ್ಲ ಒಂದೇ ಉತ್ತರ. ಅವರ ಬಟ್ಟೆಯ ಸಂಚಿಯಲ್ಲಿ ಎಲೆ ಅಡಿಕೆಯ ಜೊತೆಗೆ ಬಜೆಯ ಬೇರು, ಒಂದು ಜಾಯಿಕಾಯಿ, ಅಂಗೈಯಗಲದ ಒಂದು ತೇಯುವ ಕಲ್ಲು ಯಾವಾಗಲೂ ಇರುತ್ತಿದ್ದವು. ಕಲ್ಲಿನ ಮೇಲೆ ನಾಲ್ಕು ಹನಿ ಹಾಲು ಬಿಟ್ಟು, ಕಾಯನ್ನು ಒತ್ತಿ ಒಮ್ಮೆ ತಿರುಗಿಸಿದರೆ ಅದು ಒಂದು ಸುತ್ತು. ಆ ಹಾಲನ್ನು ಬೆರಳಲ್ಲಿ ಬಳಿದು ಕೂಸಿಗೆ ನೆಕ್ಕಿಸುವುದು. ಯಾವ ಕೂಸಿಗೆ ಎಷ್ಟು ಸುತ್ತು ಎಂಬುದು ಗಿರಿಯಮ್ಮನ ತಲೆಯಲ್ಲೇ ಇರುತ್ತಿತ್ತು.

"ಜಾಕಾಯಿ ಎರಡು ಸುತ್ತು ತೇಯ್ದು ನೆಕ್ಕಿಸ್ತೀನಿ. ಸಂಜೆತನ ಮಗ್ಗಲು ಬದಲ್ಸಲ್ಲ. ನಿಮ್ಮನ್ನೆಲ್ಲಾ ಹಂಗೇ ಅಲ್ಲೇನು ಬೆಳೆಸಿದ್ದು?" ಎಂದಿದ್ದರು, ಬಂದ ಮೊದಲ ದಿನವೇ.

"ಅವ್ವಾ, ಅದನ್ನ ಮುಟ್ಟಿದ್ರೆ ನೋಡು! ಮಕ್ಕಳಿಗೆ ಅದು ವಿಷ ಆಗ್ತೈತೆ. ಕೊಡಬ್ಯಾಡ್ರಿ ಕೊಡಬ್ಯಾಡ್ರಿ ಅಂತ ಮನೆಮನೆಗೂ ಹೇಳ್ಕಂಡು ತಿರುಗೋಳು ನಾನು."

"ಆತವ್ವ ಟೀಚರಮ್ಮ. ನಿನ್ನ ಕೂಸು, ನಿನ್ನ ಕಾನೂನು" ಎಂದು ಗಿರಿಯಮ್ಮ ಸಂಚಿಯ ದಾರ ಎಳೆದಿದ್ದರು.

ಪುಷ್ಪಲತಾಗೆ ಹೆಚ್ಚು ಚಿಂತೆಯಿದ್ದದ್ದು ಭಾವ ಬಕ್ಕೇಶನದು. ನೂಲಿನ ಕಾರ್ಖಾನೆಯೊಂದರಲ್ಲಿ ಅವನಿಗೆ ರಾತ್ರಿ ಪಾಳಿ. ಬೆಳಿಗ್ಗೆ ಆರೂವರೆಗೆ ಬಂದು, ಚಹಾ ಕುಡಿದು, ಮುಂದಿನ ಕೋಣೆಯಲ್ಲಿ ಮುಸುಕು ಹಾಕಿ ಮಲಗಿದರೆ ಏಳುವುದು ಮೂರು ಗಂಟೆಯ ಮೇಲೆ. ಅವನು ಮಲಗಿದ ಕೋಣೆಗೂ ಮಗು ಅಳುವ ಕೋಣೆಗೂ ನಡುವೆ ಒಂದು ಪರದೆ ಮಾತ್ರ. ಮೂರನೆಯ ದಿನ ಬೆಳಿಗ್ಗೆ ಉಮಾಮಹೇಶ್ವರಿ ಗಂಜಿ ಕುಡಿಯುತ್ತ ತಂಗಿಗೆ ಹೇಳಿದಳು: "ನಿಮ್ಮ ಭಾವ ರಾತ್ರಿ ಮಷಿನ್ ಮುಂದೆ ತೂಕಡಿಸಿದ್ರಂತೆ. ಸೂಪರ್‌ವೈಸರ್ ಬೈದು ಆಚೆ ಕಳಿಸಿ ಮುಖ ತೊಳ್ಕಂಡು ಬಾ ಅಂದನಂತೆ. ಹೋದ ವರ್ಷ ಒಬ್ಬ ಹಂಗೇ ತೂಕಡಿಸಿ ಎರಡು ಬೆರಳು ಕೊಟ್ಟ." ಆಮೇಲೆ ತಂಗಿಯ ಮುಖ ನೋಡಿ, "ನಿನಗೆ ಅನ್ನಲಿಲ್ಲ ಕಣೆ. ಸುಮ್ನೆ ಹೇಳ್ದೆ" ಎಂದಳು.

ಸುಮ್ಮನೆ ಹೇಳಿದ ಮಾತು ಪುಷ್ಪಲತಾಳ ಎದೆಯಲ್ಲಿ ಸುಮ್ಮನೆ ಕೂರಲಿಲ್ಲ. ಸಹಾಯಕ್ಕೆ ಬಂದವಳು ತಾನು. ಬಂದು ಮಾಡಿದ್ದೇನು? ರೋಗಿಯ ನಿದ್ದೆ ಕೆಡಿಸಿದೆ, ದುಡಿಯುವವನ ನಿದ್ದೆ ಕೆಡಿಸಿದೆ. ನಾಳೆ ಅವನ ಬೆರಳಿಗೆ ಏನಾದರೂ ಆದರೆ ಅಕ್ಕನ ಮುಖ ಹೇಗೆ ನೋಡುವುದು?

ಅವತ್ತು ಹನ್ನೊಂದು ಗಂಟೆಯ ಹೊತ್ತಿಗೆ ಗಿರಿಯಮ್ಮ ಬಟ್ಟೆ ಹರವಲು ಮಾಳಿಗೆಗೆ ಹೋದರು. ಉಮಾಮಹೇಶ್ವರಿಗೆ ಮಾತ್ರೆಯ ಮಂಪರು. ಬಕ್ಕೇಶ ಮುಸುಕಿನೊಳಗೆ ಹೊರಳಿದ. ಮಗು ಕೌದಿಯ ಮೇಲೆ ಕೂತು ಸಣ್ಣಗೆ ರಾಗ ತೆಗೆಯಿತು. ಆ ರಾಗ ಇನ್ನು ಐದು ನಿಮಿಷಕ್ಕೆ ಏನಾಗುತ್ತದೆಂದು ಪುಷ್ಪಲತಾಗೆ ಚೆನ್ನಾಗಿ ಗೊತ್ತಿತ್ತು.

ಅವಳು ಅಡಿಗೆಮನೆಯ ಗೂಡಿನಿಂದ ಸಂಚಿ ತೆಗೆದಳು. ತೇಯುವ ಕಲ್ಲು ಕೈಗೆ ತಣ್ಣಗೆ ಹತ್ತಿತು, ಒಂದು ಮೂಲೆ ಒದ್ದೆಯಾಗಿತ್ತು. ಅದರ ಬಗ್ಗೆ ಯೋಚಿಸಲು ಆಗ ಪುರುಸೊತ್ತಿರಲಿಲ್ಲ. ಹಾಲು ಬಿಟ್ಟು ಕಾಯಿ ಒತ್ತಿದಳು. ಒಂದು. ಎರಡು. ಹಾಲು ಬೆಳ್ಳಗೇ ಕಂಡಿತು. ಇದು ಸಾಲುತ್ತದೆಯೇ? ಮೂರು. ಮಗುವಿನ ರಾಗ ಏರಿತು, ಆಚೆ ಬಕ್ಕೇಶ ಕೆಮ್ಮಿದ. ನಾಲ್ಕು. ಅಲ್ಲಿಂದ ಮುಂದೆ ಅವಳ ಕೈ ತಿರುಗಿತು, ಎಣಿಕೆ ತಪ್ಪಿತು.

ತನುಶ್ರೀ ಬೆರಳು ನೆಕ್ಕಿ ಮುಖ ಕಿವುಚಿದಳು. ಮೇಲೊಂದು ಚೂರು ಬೆಲ್ಲ ಕೊಟ್ಟಾಗ ನಕ್ಕಳು. ಅರ್ಧ ಗಂಟೆಯೊಳಗೆ ತಾಯಿಯ ತೊಡೆಯ ಮೇಲೆ ತಲೆ ಇಟ್ಟು ಮಲಗಿಬಿಟ್ಟಳು.

ಮನೆ ತಣ್ಣಗಾಯಿತು. ಪುಷ್ಪಲತಾ ಕಲ್ಲು ತೊಳೆದು ಒರೆಸಿ ಸಂಚಿಯಲ್ಲಿಟ್ಟಳು. ರೊಟ್ಟಿ ಬಡಿದಳು, ಸಾರು ಕುದಿಸಿದಳು. ಮಾಳಿಗೆಯಿಂದ ಇಳಿದ ಗಿರಿಯಮ್ಮ ಮಲಗಿದ ಕೂಸನ್ನು ನೋಡಿ, "ಅಂತೂ ದೇವರು ಕಣ್ಣು ಬಿಟ್ಟ" ಎಂದರು. ಅಷ್ಟೇ ಅಂದರು. ಪುಷ್ಪಲತಾ ಊಟ ಮಾಡಿ ಮಗಳ ಪಕ್ಕದಲ್ಲಿ ಸ್ವಲ್ಪ ಮೈ ಚಾಚಿದಳು. ಮೂರು ದಿನದ ನಿದ್ದೆ ಒಮ್ಮೆಗೇ ಬಂದು ಅವಳನ್ನು ಎತ್ತಿಕೊಂಡು ಹೋಯಿತು.

ಎಚ್ಚರವಾದಾಗ ನಾಲ್ಕು ಗಂಟೆಗೆ ಹತ್ತು ನಿಮಿಷ. ಮಗು ಮಲಗಿಸಿದ ಮಗ್ಗುಲಲ್ಲೇ ಇತ್ತು.

"ತನೂ." ಅಲುಗಾಡಿಸಿದಳು. ಕೈ ಎತ್ತಿ ಬಿಟ್ಟರೆ ಕೈ ತಾನಾಗಿ ಬಿತ್ತು. ಕೆನ್ನೆ ಕೆಂಪಗಿತ್ತು, ತುಟಿ ಒಣಗಿತ್ತು. ಮುಖಕ್ಕೆ ನೀರು ಹಚ್ಚಿದಾಗ ರೆಪ್ಪೆ ಅರ್ಧ ತೆರೆದು, ಕಣ್ಣುಗುಡ್ಡೆ ಮೇಲಕ್ಕೆ ಸರಿದು, ಮತ್ತೆ ಮುಚ್ಚಿತು.

"ಭಾವ! ತನು ಏಳ್ತಿಲ್ಲ! ಭಾವ!"

ಬಕ್ಕೇಶ ಲುಂಗಿಯಲ್ಲೇ ಓಡಿ ಬಂದು ಮಗುವನ್ನು ಎತ್ತಿಕೊಂಡ. ಉಮಾಮಹೇಶ್ವರಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಓಣಿಯ ಬಾಯಲ್ಲಿ ಸಿಕ್ಕ ಆಟೋದಲ್ಲಿ ಗಿರಿಯಮ್ಮನೂ ಸೇರಿ ಮೂವರೂ ಹತ್ತಿರದ ನರ್ಸಿಂಗ್ ಹೋಮಿಗೆ ಹೋದರು. ದಾರಿಯುದ್ದಕ್ಕೂ ಪುಷ್ಪಲತಾ ಮಗಳ ಮೂಗಿನ ಹತ್ತಿರ ಬೆರಳು ಹಿಡಿದಿದ್ದಳು. ಉಸಿರು ಬರುತ್ತಿತ್ತು. ಆಟೋ ಗುಂಡಿಗೆ ಬಿದ್ದಾಗಲೆಲ್ಲ ಬೆರಳು ತಪ್ಪಿ, ಮತ್ತೆ ಉಸಿರು ಸಿಗುವವರೆಗೆ ಅವಳ ಉಸಿರು ನಿಲ್ಲುತ್ತಿತ್ತು.

ಡಾಕ್ಟರು ನಡುವಯಸ್ಸಿನ ಹೆಂಗಸು. ಮಗುವಿನ ಕಣ್ಣಿಗೆ ಬೆಳಕು ಬಿಟ್ಟರು, ಎದೆಗೆ ಸ್ಟೆತಸ್ಕೋಪ್ ಇಟ್ಟರು, ಪಾದ ಗೀರಿದರು. ಮಗು ಕಾಲು ಎಳೆದುಕೊಂಡಿತು, ಕಣ್ಣು ತೆರೆಯಲಿಲ್ಲ.

"ಎಷ್ಟೊತ್ತಿನಿಂದ ಮಲಗಿದೆ?"

"ಹನ್ನೊಂದೂವರೆ."

"ಏನಾದ್ರೂ ಕೊಟ್ರಾ? ನೆಗಡಿ ಸಿರಪ್? ವಾಂತಿ ಔಷಧಿ? ಮನೆಮದ್ದು?"

"ಇಲ್ಲ ಮೇಡಂ."

ಆ ಮಾತು ಪುಷ್ಪಲತಾಳ ಬಾಯಿಂದಲೇ ಬಂತು. ಯೋಚಿಸಿ ಹೇಳಿದ್ದಲ್ಲ. ಆದರೆ ಹೇಳಿದ ಮೇಲೆ ಅದನ್ನು ಹಿಂದಕ್ಕೆ ಎಳೆದುಕೊಳ್ಳಲು ನಾಲಿಗೆ ತಿರುಗಲಿಲ್ಲ. ಪಕ್ಕದಲ್ಲಿ ಭಾವ ನಿಂತಿದ್ದ, ಬಾಗಿಲಲ್ಲಿ ನರ್ಸ್ ನಿಂತಿದ್ದಳು. ಮನೆಮನೆಗೆ ಹೋಗಿ ಇತರರಿಗೆ ಬೇಡವೆಂದು ಹೇಳುವ ಬಾಯಿ ಅದು.

ಆಗ ಗಿರಿಯಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. "ನಾನು ಕೊಟ್ಟೀನಿ ತಾಯಿ. ಜಾಕಾಯಿ. ಎರಡು ಸುತ್ತು."

ಡಾಕ್ಟರು ತಲೆ ಎತ್ತಿದರು. "ಏನಜ್ಜಿ, ಇಷ್ಟು ವಯಸ್ಸಾಗಿದೆ, ತಿಳಿಯಲ್ವಾ? ನಿಮ್ಮೂರಲ್ಲಿ ಅಂಗನವಾಡಿಯವರು ಯಾರೂ ಹೇಳಿಲ್ವಾ, ಮಕ್ಕಳಿಗೆ ಇದನ್ನ ಕೊಡಬಾರದು ಅಂತ?"

"ಹೇಳ್ಯಾರೆ ತಾಯಿ. ಭಾಳ ಸಲ ಹೇಳ್ಯಾರೆ. ನಾನೇ ಕೇಳಲಿಲ್ಲ."

ಪುಷ್ಪಲತಾ ನೆಲ ನೋಡಿದಳು. ಅವ್ವ ನಿಜವಾಗಿಯೂ ಕೊಟ್ಟಿದ್ದಾಳೆಯೇ? ಕಲ್ಲಿನ ಒದ್ದೆ ಮೂಲೆ ನೆನಪಾಯಿತು. ಬೆಳಿಗ್ಗೆ ತಾನು ಸ್ನಾನಕ್ಕೆ ಹೋದಾಗ ಕೊಟ್ಟಳೇ? ಅಥವಾ ಮಾಳಿಗೆಯಿಂದ ಇಳಿದು ಬಂದು, ಸಂಚಿ ಬೇರೆ ಥರ ಮಡಚಿದ್ದು ನೋಡಿ, ಮಗಳು ಮಾಡಿದ್ದನ್ನು ತಿಳಿದು, ಈಗ ಸುಳ್ಳು ಹೇಳುತ್ತಿದ್ದಾಳೆಯೇ? ಯಾವುದಾದರೂ ಆಗಲಿ, ತನ್ನ ಪಾಲಿನ ಬೈಗುಳ ಅವ್ವನ ತಲೆಯ ಮೇಲೆ ಬೀಳುತ್ತಿತ್ತು, ತಾನು ಬದಿಗೆ ನಿಂತು ಕೇಳುತ್ತಿದ್ದಳು. ಹೇಳಲೇಬೇಕಾದ್ದನ್ನು ಹೇಳದೆ ಬಿಡಲು ಇಷ್ಟು ಸುಲಭದ ದಾರಿ ತೆರೆದುಕೊಳ್ಳುತ್ತದೆಂದು ಅವಳು ಎಣಿಸಿರಲಿಲ್ಲ.

ಡಾಕ್ಟರು ಚೀಟಿ ಬರೆಯುತ್ತ ಅನುಮಾನದಿಂದ ನಿಲ್ಲಿಸಿದರು. "ಎರಡೇ ಸುತ್ತಿಗೆ ಇಷ್ಟಾಗಬಾರದು. ಬೇರೆ ಏನೋ ಇರಬಹುದು. ಎಲ್ಲಿಂದಾದ್ರೂ ಬಿದ್ದಿತ್ತಾ? ತಲೆಗೆ ಪೆಟ್ಟು? ಫಿಟ್ಸ್ ಏನಾದ್ರೂ? ನಾನು ದಾವಣಗೆರೆಗೆ ಬರೆದು ಕೊಡ್ತೀನಿ. ಸ್ಕ್ಯಾನ್ ಮಾಡ್ಲಿ, ಬೆನ್ನಿಂದ ನೀರು ತೆಗೆದು ನೋಡ್ಬೇಕಾಗಬಹುದು."

ಬೆನ್ನಿಂದ ನೀರು ತೆಗೆಯುವುದು. ಆ ಸಣ್ಣ ಬೆನ್ನಿಗೆ ಸೂಜಿ. ಪುಷ್ಪಲತಾ ಮೇಜಿನ ಅಂಚು ಹಿಡಿದುಕೊಂಡಳು.

"ಮೇಡಂ, ನಾನೂ ಕೊಟ್ಟೀನಿ."

"ಏನು?"

"ಅದನ್ನೇ. ಜಾಕಾಯಿ."

"ಎಷ್ಟು?"

"ನಾಲ್ಕರ ತನಕ ಎಣಿಸ್ದೆ. ಆಮೇಲೆ ಎಣಿಸಲಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ಗಿರಿಯಮ್ಮನನ್ನೊಮ್ಮೆ ಪುಷ್ಪಲತಾಳನ್ನೊಮ್ಮೆ ನೋಡಿದರು. "ಒಬ್ಬರಿಗೊಬ್ಬರು ಹೇಳದೆ ಇಬ್ಬರೂ ಕೊಟ್ಟಿದ್ದೀರಿ. ಈಗಷ್ಟೇ ಇಲ್ಲ ಅಂದ್ರಲ್ಲಮ್ಮ ನೀವು? ಏನು ಕೆಲಸ ಮಾಡ್ತೀರಿ?"

"ಅಂಗನವಾಡಿ ಟೀಚರ್."

ಬೈದಿದ್ದರೆ ಚೆನ್ನಾಗಿತ್ತು. ಡಾಕ್ಟರು ಬೈಯಲಿಲ್ಲ. ಬರೆದ ಚೀಟಿ ಹರಿದು, ನರ್ಸಿಗೆ ಗ್ಲೂಕೋಸ್ ಹಚ್ಚಲು ಹೇಳಿ, "ನಾಡಿ ಸರಿ ಇದೆ. ಏಳು ಗಂಟೆವರೆಗೆ ನೋಡೋಣ. ಏಳಲಿಲ್ಲ ಅಂದ್ರೆ ದಾವಣಗೆರೆ" ಎಂದಷ್ಟೇ ಹೇಳಿ ಒಳಗೆ ಹೋದರು.

ಮಂಚದ ಒಂದು ಬದಿಗೆ ಪುಷ್ಪಲತಾ, ಇನ್ನೊಂದು ಬದಿಗೆ ಗಿರಿಯಮ್ಮ. ಬಕ್ಕೇಶ ಹೊರಗೆ ಹೋಗಿ ಮೂರು ಚಹಾ ತಂದ. ಪುಷ್ಪಲತಾ ಲೋಟ ಮುಟ್ಟದೆ, "ನಿಮ್ಮ ನಿದ್ದೆ ಕೆಡತೈತೆ ಅಂತ ಮಾಡ್ದೆ ಭಾವ. ಮಷಿನ್ ಮುಂದೆ ತೂಕಡಿಸಿದ್ರಂತೆ, ಅಕ್ಕ ಅಂದ್ಲು" ಎಂದಳು.

ಬಕ್ಕೇಶ ಗೋಡೆ ನೋಡಿದ. "ನಾನಾ? ಆ ಮಷಿನ್‌ಗಳ ಗದ್ಲದಾಗೆ ಹನ್ನೆರಡು ವರ್ಷ ನಿಂತೋನು ನಾನು, ಕೂಸಿನ ಅಳು ನನಗೇನು ಮಾಡತೈತೆ ಪುಷ್ಪ? ತೂಕಡಿಸಿದ್ದು ನಿಮ್ಮಕ್ಕನ ಚಿಂತಿಗೆ. ಹೊಲಿಗೆ ಬಿಚ್ಚಿದ್ರೆ ಹೆಂಗೆ, ಜ್ವರ ಬಂದ್ರೆ ಹೆಂಗೆ ಅಂತ ಹಗಲೆಲ್ಲಾ ಮುಸುಕಿನಾಗೆ ಕಣ್ಣು ಬಿಟ್ಕಂಡಿರ್ತಿದ್ದೆ. ಕೂಸು ಅಳ್ತಿದ್ರೆ ಮನೆಯಾಗೆ ಜನ ಅದಾರೆ ಅಂತ ಸಮಾಧಾನ ಆಗ್ತಿತ್ತು." ಚಹಾ ಗುಟುಕರಿಸಿ, "ನನ್ನನ್ನ ಕೇಳಬೇಕಿತ್ತು ನೀನು" ಎಂದ.

ಕೇಳಬೇಕಿತ್ತು. ಪರದೆ ಸರಿಸಿ ಒಂದು ಮಾತು ಕೇಳಿದ್ದರೆ ಸಾಕಿತ್ತು. ಅಥವಾ ರಾಜಕುಮಾರನಿಗೆ 'ಬಾ' ಎಂದಿದ್ದರೆ ಸಾಕಿತ್ತು. ಪುಷ್ಪಲತಾ ಮಗಳ ಕಾಲಿನ ಹೆಬ್ಬೆರಳು ಹಿಡಿದು ಕೂತಳು. ಅದೊಂದೇ ತನಗೆ ಹಿಡಿಯಲು ಹಕ್ಕಿರುವ ಜಾಗವೆಂಬಂತೆ.

ಏಳಕ್ಕೆ ಇಪ್ಪತ್ತು ನಿಮಿಷ ಇರುವಾಗ ಆ ಬೆರಳು ಮಡಚಿತು. ತನುಶ್ರೀ ಕಣ್ಣು ತೆರೆದು, ಗ್ಲೂಕೋಸಿನ ಬಾಟಲಿಯನ್ನು ಬಹಳ ಹೊತ್ತು ನೋಡಿ, "ನೀಯು" ಎಂದಳು. ನೀರು ಕುಡಿದಳು. ಆಮೇಲೆ ಕೈಗೆ ಹಚ್ಚಿದ ಪಟ್ಟಿ ಕಂಡು ಜೋರಾಗಿ ಅತ್ತಳು. ಆ ಅಳು ಕೇಳಿ ಡಾಕ್ಟರು ಒಳಗಿನಿಂದಲೇ, "ಹಾಂ, ಅಳಲಿ, ಅಳಲಿ!" ಎಂದರು.

ಬಕ್ಕೇಶ ಫೋನ್ ಮಾಡಿದ್ದರಿಂದ ಆ ಹೊತ್ತಿಗೆ ರಾಜಕುಮಾರ್ ದಾವಣಗೆರೆಯಿಂದ ಆಟೋ ಓಡಿಸಿಕೊಂಡೇ ಬಂದ. ಖಾಕಿ ಅಂಗಿಯ ಗುಂಡಿ ಮೇಲೆಕೆಳಗೆ ಹಾಕಿದ್ದ. ಮಗಳನ್ನು ಎತ್ತಿಕೊಂಡು, "ಏನಾತು? ಯಾಕ ಹಿಂಗಾತು?" ಎಂದ.

ಪುಷ್ಪಲತಾ ಬಾಯಿ ತೆರೆಯುವುದರೊಳಗೆ ಗಿರಿಯಮ್ಮ, "ನಂದೇ ತಪ್ಪು ಅಳಿಯಂದ್ರೆ. ಜಾಕಾಯಿ ಕೊಟ್ಟೆ. ಕೈ ಮೀರಿತು" ಎಂದರು.

ರಾಜಕುಮಾರ್ ಅತ್ತೆಯ ಮುಖ ನೋಡಿದ. ಸಿಟ್ಟು ಬಂದಿತ್ತು, ನುಂಗಿದ. "ಹೋಗ್ಲಿ ಬಿಡ್ರಿ ಅತ್ತೆ. ಹಳೇ ಕಾಲದೋರು, ನಿಮಗೆ ಗೊತ್ತಾಗಲ್ಲ." ಹೆಂಡತಿಯ ಕಡೆ ತಿರುಗಿ, "ನೀನು ಇದ್ದಿದ್ದಕ್ಕೆ ಬದುಕ್ತು. ಬೇಗ ಕರ್ಕಂಡು ಬಂದಿ" ಎಂದ.

ಬಕ್ಕೇಶ ಖಾಲಿ ಲೋಟ ಕೊಡುವ ನೆಪದಲ್ಲಿ ಹೊರಗೆ ಹೋದ. ಪುಷ್ಪಲತಾ ಈಗ ಹೇಳಬೇಕೆಂದುಕೊಂಡಳು. ಡಾಕ್ಟರ ಮುಂದೆ ಹೇಳುವಾಗ ಮಗಳ ಜೀವದ ಭಯ ಇತ್ತು, ಅದೇ ಮಾತನ್ನು ಹೊರಗೆ ನೂಕಿತ್ತು. ಈಗ ಮಗಳು ಅಪ್ಪನ ಹೆಗಲ ಮೇಲೆ ಅಳುತ್ತಿದ್ದಳು. ನೂಕುವವರು ಯಾರೂ ಇರಲಿಲ್ಲ. ಅವಳು ಗಂಡನ ಅಂಗಿಯ ಗುಂಡಿ ಬಿಚ್ಚಿ ಸರಿಯಾಗಿ ಹಾಕಿದಳು. ಹೇಳಲಿಲ್ಲ.

ಆ ರಾತ್ರಿಯೇ ಅವನು ಇಬ್ಬರನ್ನೂ ಆಟೋದಲ್ಲಿ ದಾವಣಗೆರೆಗೆ ಕರೆದುಕೊಂಡು ಹೋದ.

ಹತ್ತು ದಿನದ ಮೇಲೆ, ಉಮಾಮಹೇಶ್ವರಿ ಎದ್ದು ಓಡಾಡುವಂತಾದಾಗ, ಗಿರಿಯಮ್ಮ ಊರಿಗೆ ಹೊರಟರು. ಮಾಯಕೊಂಡದ ಬಸ್ಸು ಹತ್ತಿಸಲು ಪುಷ್ಪಲತಾ ದಾವಣಗೆರೆಯ ನಿಲ್ದಾಣಕ್ಕೆ ಹೋದಳು. ಕಂಕುಳಲ್ಲಿ ತನುಶ್ರೀ ಅಜ್ಜಿಯ ಬಳೆ ಎಳೆಯುತ್ತಿದ್ದಳು.

"ಅವ್ವಾ, ಒಂದು ಕೇಳ್ತೀನಿ. ನಿಜ ಹೇಳು. ಅವತ್ತು ನೀನು ಕೂಸಿಗೆ ಕೊಟ್ಟಿದ್ದು ಹೌದೇನು?"

"ಏನು?"

"ಗೊತ್ತಿಲ್ಲೇನು ನಿನಗೆ?"

"ಬಸ್ಸು ಬಂತೇನೋ ನೋಡು. ಕಿಟಕಿ ಸೀಟು ಹಿಡೀಬೇಕು, ಇಲ್ಲಾಂದ್ರೆ ನನಗೆ ವಾಂತಿ."

"ಅವ್ವಾ. ನೀನು ಕೊಡಲಿಲ್ಲ ಅಂದ್ರೆ ಯಾಕ ಕೊಟ್ಟೆ ಅಂದಿ? ಕೊಟ್ಟಿದ್ರೆ ಯಾಕ ನನಗೆ ಹೇಳಲಿಲ್ಲ?"

ಗಿರಿಯಮ್ಮ ಮೊಮ್ಮಗಳ ಮುಷ್ಟಿಯಿಂದ ಬಳೆ ಬಿಡಿಸಿಕೊಂಡರು. "ಆ ಮಧ್ಯಾಹ್ನ ನೀನು ಮಲಗಿದ್ದಿ, ನೆನಪೈತಾ?"

"ಐತೆ."

"ಬಾಯಿ ಬಿಟ್ಕಂಡು, ಕೈ ಚೆಲ್ಲಿ ಮಲಗಿದ್ದಿ. ಮೂರು ದಿನ ಆಗಿತ್ತು ನಿನ್ನ ಕಣ್ಣು ಮುಚ್ಚಿದ್ದು ನೋಡಿ. ನಾನೂ ಕೂಸು ಹೆತ್ತೋಳೇ ಅಲ್ಲೇನವ್ವ?" ಎಂದು ಗಂಟು ಎತ್ತಿಕೊಂಡು ಬಸ್ಸಿನ ಕಡೆ ನಡೆದರು. ಕಿಟಕಿ ಸೀಟು ಸಿಕ್ಕಿತು. ಕೈ ಬೀಸಿದರು.

ಪುಷ್ಪಲತಾ ಆಮೇಲೆಯೂ ಎರಡು ಸಲ ಕೇಳಿದ್ದಾಳೆ, ಎರಡು ಸಲವೂ ಗಿರಿಯಮ್ಮ ಬೇರೆ ಮಾತು ತೆಗೆದಿದ್ದಾರೆ. ಮಗು ಅಷ್ಟು ಹೊತ್ತು ಮಲಗಿದ್ದು ಜಾಯಿಕಾಯಿಗೋ, ಎರಡು ರಾತ್ರಿಯ ಆಯಾಸಕ್ಕೋ, ಎರಡೂ ಸೇರಿಯೋ ಎಂದು ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ರಾಜಕುಮಾರನಿಗೆ ಅವಳು ಇನ್ನೂ ಹೇಳಿಲ್ಲ. ಹೇಳುತ್ತಾಳೋ ಇಲ್ಲವೋ ಅವಳಿಗೇ ಗೊತ್ತಿಲ್ಲ. ಗಿರಿಯಮ್ಮ ಅವತ್ತು ಕೂಸಿಗೆ ಕೊಟ್ಟಿದ್ದು ನಿಜವೋ, ಮಗಳಿಗಾಗಿ ಹೇಳಿದ ಸುಳ್ಳೋ, ಅದು ಇವತ್ತಿನವರೆಗೂ ಯಾರಿಗೂ ತಿಳಿದಿಲ್ಲ.